48.6 ಸರಿಯೋ, 52.1 ಸರಿಯೋ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ನಮ್ಮ ಪ್ಲಸ್ ಟು ವಿದ್ಯಾರ್ಥಿನಿಯೊಬ್ಬಳು 3000 ಮೀಟರ್ ಓಡುತ್ತಾಳೆ. ವಯಸ್ಸು 17, ಇದುವರೆಗಿನ ಉತ್ತಮ ಸಮಯ 11 ನಿಮಿಷ 40 ಸೆಕೆಂಡು. ಉಪಜಿಲ್ಲೆ, ಕಂದಾಯ ಜಿಲ್ಲೆ ಎರಡೂ ಕೂಟಗಳಲ್ಲಿ ಗೆದ್ದಿದ್ದಾಳೆ. ಡಿಸೆಂಬರಿನಲ್ಲಿ ಒಂದು ಲ್ಯಾಬಿನಲ್ಲಿ ವಿಓಟೂ ಮ್ಯಾಕ್ಸ್ (ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಪರೀಕ್ಷೆ ಮಾಡಿಸಿದೆವು. ಟ್ರೆಡ್‌ಮಿಲ್ ಗಂಟೆಗೆ 10 ಕಿ.ಮೀ. ವೇಗದಲ್ಲೇ ಇತ್ತು, ನಿಮಿಷಕ್ಕೆ 1% ಏರು ಹೆಚ್ಚಿಸುತ್ತಾ ಹೋದರು. 9 ನಿಮಿಷ 40 ಸೆಕೆಂಡಿಗೆ ಹುಡುಗಿ ಕೈ ಎತ್ತಿದಳು. ರಿಪೋರ್ಟಿನಲ್ಲಿ 48.6 ಬಂತು, ತೂಕ 47.5 ಕೆ.ಜಿ., ಗರಿಷ್ಠ ನಾಡಿಮಿಡಿತ 196, ಆರ್‌ಇಆರ್ (ಉಸಿರಿನ ಅನಿಲಗಳ ಅನುಪಾತ) 1.12, ‘ಪ್ಲೇಟೊ ಕಂಡಿಲ್ಲ’, ಅಂದರೆ ಹೊರೆ ಏರಿದರೂ ಆಮ್ಲಜನಕದ ಬಳಕೆ ಏರದೆ ನಿಲ್ಲುವ ಹಂತ ಕಂಡಿಲ್ಲ ಎಂದು ಷರಾ. ಐದು ವಾರದ ಮೇಲೆ ಬೇರೆ ಊರಿನ ಲ್ಯಾಬಿನಲ್ಲಿ ‘ಸೆಲ್ಫ್ ಪೇಸ್ಡ್’ ಪರೀಕ್ಷೆ ಮಾಡಿದರು. ಹತ್ತೇ ನಿಮಿಷ, ವೇಗವನ್ನು ಅವಳೇ ಹೇಳಿ ಏರಿಸಬೇಕು. ಅಲ್ಲಿ 52.1 ಬಂತು, ತೂಕ 46 ಕೆ.ಜಿ. ಹಳೆಯ ಪರೀಕ್ಷೆಯಲ್ಲಿ ಮೆದುಳು ಮೊದಲೇ ಬ್ರೇಕ್ ಹಾಕುತ್ತದೆ, ಇದೇ ನಿಜವಾದ ಅಂಕಿ ಎಂದು ಅಲ್ಲಿನ ಕೋಚ್ ಹೇಳಿದರು. ಅವಳ ಕೈಗಡಿಯಾರ 55 ತೋರಿಸುತ್ತದೆ. ಯಾವುದನ್ನು ನಂಬಿ ತರಬೇತಿ ಕೊಡಲಿ? ಪ್ಲೇಟೊ ಬರದಿದ್ದರೆ ಪರೀಕ್ಷೆ ಫೇಲ್ ಎಂದು ಅರ್ಥವೇ? ಇಂಥ ಪರೀಕ್ಷೆ ಪದೇ ಪದೇ ಮಾಡಿಸಿದರೆ ಹೃದಯಕ್ಕೆ ತೊಂದರೆಯಾಗದೇ ಎಂದು ಅವಳ ತಾಯಿ ಕೇಳುತ್ತಿದ್ದಾರೆ. ಎರಡೂ ರಿಪೋರ್ಟಿನ ಪ್ರತಿ ಜೊತೆಗಿದೆ.

ಉತ್ತರ: ಮಾಷ್ಟ್ರೇ, ತೂಕವನ್ನೂ ಬರೆದು ರಿಪೋರ್ಟಿನ ಪ್ರತಿಯನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಎರಡು ಅಂಕಿಗಳನ್ನಷ್ಟೇ ಬರೆದಿದ್ದರೆ ನಾನೂ ಹಳೆಯ ಪರೀಕ್ಷೆ ಮೇಲೋ ಹೊಸದು ಮೇಲೋ ಎಂಬ ಚರ್ಚೆಗೇ ಇಳಿಯುತ್ತಿದ್ದೆ. ಆ ಚರ್ಚೆ ವಿಜ್ಞಾನಿಗಳ ನಡುವೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ನಿಮ್ಮ ಹುಡುಗಿಯ 3.5 ಅಂಕದ ವ್ಯತ್ಯಾಸಕ್ಕೆ ಆ ಚರ್ಚೆಯ ಅಗತ್ಯವೇ ಇಲ್ಲ ಎಂದು ನನಗನ್ನಿಸುತ್ತದೆ.

ರಿಪೋರ್ಟಿನಲ್ಲಿ ಕಾಣುವ 48.6, 52.1 ಇವು ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ಆಮ್ಲಜನಕ ಬಳಕೆಯಾಯಿತು ಎಂಬ ಲೆಕ್ಕ. ಯಂತ್ರ ಅಳೆಯುವುದು ಒಟ್ಟು ಆಮ್ಲಜನಕವನ್ನು. ಭಾಗಿಸುವುದು ನೀವು ಕೊಟ್ಟ ತೂಕದಿಂದ. ಹಿಂದಕ್ಕೆ ಗುಣಿಸಿ ನೋಡಿ. 48.6 ಗುಣಿಸು 47.5 ಎಂದರೆ ನಿಮಿಷಕ್ಕೆ ಸುಮಾರು 2309 ಮಿ.ಲೀ. 52.1 ಗುಣಿಸು 46 ಎಂದರೆ 2397 ಮಿ.ಲೀ. ಕಾಗದದ ಮೇಲೆ 7 ಶೇಕಡಾ ಕಂಡ ಏರಿಕೆ ನಿಜವಾದ ಆಮ್ಲಜನಕದ ಲೆಕ್ಕದಲ್ಲಿ 88 ಮಿ.ಲೀ., ಅಂದರೆ 4 ಶೇಕಡಾಕ್ಕೂ ಕಡಿಮೆ. ಮೊದಲ ದಿನವೂ ತೂಕ 46 ಎಂದೇ ಬರೆದಿದ್ದರೆ ಆ ರಿಪೋರ್ಟಿನಲ್ಲಿ 50.2 ಇರುತ್ತಿತ್ತು. ವ್ಯತ್ಯಾಸದ ಅರ್ಧದಷ್ಟು ತೂಕದ ಯಂತ್ರದ ಮೇಲೆಯೇ ಕರಗಿಹೋಯಿತು.

ಆ ಒಂದೂವರೆ ಕೆ.ಜಿ. ಎಲ್ಲಿಂದ ಬಂತು ಎಂದು ಹುಡುಗಿಯನ್ನೇ ಕೇಳಿ. ಮೊದಲ ದಿನ ಶೂ ಹಾಕಿಕೊಂಡು, ಊಟವಾದ ಮೇಲೆ ತೂಗಿದ್ದರೆ ಚಿಂತೆಯಿಲ್ಲ. ನಿಜವಾಗಿಯೂ ಐದು ವಾರದಲ್ಲಿ ಇಳಿದಿದ್ದರೆ ಅವಳು ಏನು ತಿನ್ನುತ್ತಿದ್ದಾಳೆ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ತಾಯಿಯ ಮೂಲಕ ವಿಚಾರಿಸಲೇಬೇಕು. 46 ಕೆ.ಜಿ.ಯ, ಬೆಳೆಯುವ ವಯಸ್ಸಿನ ಓಟಗಾರ್ತಿ ತೂಕ ಇಳಿಸಿ ಅಂಕಿ ಏರಿಸಿಕೊಳ್ಳುವುದು ಸಾಧನೆಯಲ್ಲ.

ಎರಡನೆಯದು ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ವಿಷಯ. ಮೊದಲ ಲ್ಯಾಬ್ 30 ಸೆಕೆಂಡಿನ ಸರಾಸರಿ ತೆಗೆದಿದೆ, ಎರಡನೆಯದು 10 ಸೆಕೆಂಡಿನದು. ಉಸಿರಿನಿಂದ ಉಸಿರಿಗೆ ಅಳತೆ ಏರುಪೇರಾಗುತ್ತಲೇ ಇರುತ್ತದೆ. ಒಂದು ದೊಡ್ಡ ಉಸಿರು, ಒಂದು ಕೆಮ್ಮು, ಉಗುಳು ನುಂಗಿದ ಒಂದು ಕ್ಷಣ, ಎಲ್ಲವೂ ಅದರಲ್ಲಿ ಮೂಡುತ್ತವೆ. ಸರಾಸರಿಯ ಅವಧಿ ಚಿಕ್ಕದಾದಷ್ಟೂ ಆ ಏರುಪೇರಿನ ತುದಿಯೇ ‘ಗರಿಷ್ಠ’ ಎಂದು ದಾಖಲಾಗುವ ಸಂಭವ ಹೆಚ್ಚು. ಒಂದೇ ಓಟದ ಮಾಹಿತಿಯನ್ನು 10 ಸೆಕೆಂಡು, 30 ಸೆಕೆಂಡು, 60 ಸೆಕೆಂಡು ಎಂದು ಮೂರು ಸಲ ಲೆಕ್ಕ ಹಾಕಿದರೆ ಮೂರು ಉತ್ತರ ಬರುತ್ತವೆ, 10 ಸೆಕೆಂಡಿನದೇ ಮೇಲಿರುತ್ತದೆ. ಎರಡನೇ ಲ್ಯಾಬಿನವರ ಬಳಿ ಮೂಲ ಫೈಲ್ ಇನ್ನೂ ಇರುತ್ತದೆ. 30 ಸೆಕೆಂಡಿನ ಸರಾಸರಿ ತೆಗೆದು ಕೊಡಿ ಎಂದು ಕೇಳಿ. ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ, ಹೊಸ ಪರೀಕ್ಷೆಯ ಖರ್ಚಿಲ್ಲ.

ಮೂರನೆಯದು ಯಂತ್ರದ ಹೊಂದಾಣಿಕೆ. ಹೊರಗಿನ ಗಾಳಿಯಲ್ಲಿ 20.93% ಆಮ್ಲಜನಕ ಇರುತ್ತದೆ. ಗರಿಷ್ಠ ಓಟದಲ್ಲಿ ಹೊರಬಿಟ್ಟ ಉಸಿರಿನಲ್ಲಿ ಸುಮಾರು 17% ಉಳಿದಿರುತ್ತದೆ. ಇಡೀ ಲೆಕ್ಕ ನಿಂತಿರುವುದು ಈ ನಾಲ್ಕು ಅಂಶದ ಅಂತರದ ಮೇಲೆ. ಹಾಗಾಗಿ ಸೆನ್ಸರ್ 17.0 ಇರುವುದನ್ನು 16.9 ಎಂದು ಓದಿದರೆ ಸಾಕು, ವಿಓಟೂ ಸುಮಾರು 3% ಹೆಚ್ಚು ತೋರಿಸುತ್ತದೆ. ನಿಮ್ಮ ಹುಡುಗಿಯ ಲೆಕ್ಕದಲ್ಲಿ ಅದು 70 ಮಿ.ಲೀ. ಆಗುತ್ತದೆ; ಉಳಿದಿದ್ದ ವ್ಯತ್ಯಾಸವೇ 88. ಇದಕ್ಕಾಗಿಯೇ ಪ್ರತಿ ಪರೀಕ್ಷೆಗೆ ಮುಂಚೆ ಗೊತ್ತಿರುವ ಪ್ರಮಾಣದ ಸಿಲಿಂಡರ್ ಅನಿಲವನ್ನು ಹಾಯಿಸಿ ನೋಡಬೇಕು, 3 ಲೀಟರಿನ ಸಿರಿಂಜ್ ತಳ್ಳಿ ಗಾಳಿಯ ಪ್ರಮಾಣ ಸರಿ ಅಳೆಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಇನ್ನೊಂದು ತೊಡಕಿದೆ: ಅನಿಲ ಎಳೆಯುವ ಸಪೂರ ಕೊಳವೆಯಲ್ಲಿ ನೀರಿನ ಹನಿ ಕಟ್ಟುವುದು, ಉಸಿರಿನ ಪ್ರಮಾಣ ಅಳೆಯುವ ಟರ್ಬೈನಿನಲ್ಲಿ ಉಗುಳು ಸೇರುವುದು. ಮಾಸ್ಕ್ ಮೂಗಿನ ದಿಂಡಿನ ಪಕ್ಕದಲ್ಲಿ ಸೋರುವುದಂತೂ ಸಣ್ಣ ಮುಖದ ಹುಡುಗಿಯರಲ್ಲಿ ಮಾಮೂಲು. ಮಾಸ್ಕ್ ಹಾಕಿದ ಮೇಲೆ ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ ಉಸಿರು ಊದಿಸಿದರೆ ಸೋರುವ ಜಾಗ ಕೆನ್ನೆಗೆ ಗೊತ್ತಾಗುತ್ತದೆ. ಸೋರಿದರೆ ಅಂಕಿ ಕಡಿಮೆಯೇ ಬರುವುದು. ಮೊದಲ ಲ್ಯಾಬಿನಲ್ಲಿ ಮಾಸ್ಕ್ ಸರಿಯಾಗಿ ಕೂತಿತ್ತೇ ಎಂದು ಅವಳಿಗೆ ನೆನಪಿರಬಹುದು.

ಇದೆಲ್ಲ ಸರಿಯಿದ್ದರೂ ದೇಹವೇ ದಿನದಿಂದ ದಿನಕ್ಕೆ ಒಂದೇ ಸಮ ಇರುವುದಿಲ್ಲ. 1982ರಲ್ಲಿ ಕ್ಯಾಚ್ ಮತ್ತು ಸಂಗಡಿಗರು ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಒಬ್ಬನದೇ ಅಳತೆ ಸುಮಾರು 5.6% ಆಚೀಚೆ ಆಗುತ್ತದೆ, ಅದರಲ್ಲಿ ಬಹುಪಾಲು ದೇಹದ್ದೇ, ಯಂತ್ರದ್ದಲ್ಲ ಎಂದು ತೋರಿಸಿದರು. 2309ಕ್ಕೆ 5.6% ಎಂದರೆ 129 ಮಿ.ಲೀ. ನಿಮ್ಮ 88 ಅದರೊಳಗೆ ಆರಾಮವಾಗಿ ಕೂರುತ್ತದೆ. ಎರಡು ಲ್ಯಾಬು, ಎರಡು ಯಂತ್ರ, ಎರಡು ಸರಾಸರಿ, ಎರಡು ತೂಕ, ನಡುವೆ ಐದು ವಾರದ ತರಬೇತಿ. ಇಷ್ಟೆಲ್ಲ ಬದಲಾದ ಮೇಲೆ ಹೆಚ್ಚಳವನ್ನು ಪರೀಕ್ಷೆಯ ವಿಧಾನವೊಂದರ ತಲೆಗೇ ಕಟ್ಟಲು ಬರುವುದಿಲ್ಲ.

ಇನ್ನು ಕೋಚ್ ಹೇಳಿದ ಮೆದುಳಿನ ಬ್ರೇಕ್. ಇದು ಅವರು ಕಟ್ಟಿದ ಮಾತಲ್ಲ, ಹಿಂದೆ ದೊಡ್ಡ ವಾದವೇ ಇದೆ. 1923ರಲ್ಲಿ ಇಂಗ್ಲೆಂಡಿನಲ್ಲಿ ಎ.ವಿ. ಹಿಲ್ ಮತ್ತು ಲಪ್ಟನ್ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಹುಲ್ಲಿನ ಮೇಲೆ ಸುತ್ತು ಓಡಿ ಉಸಿರು ಸಂಗ್ರಹಿಸಿದರು. ವೇಗ ಹೆಚ್ಚಿಸಿದರೂ ಒಂದು ಹಂತದ ಮೇಲೆ ಆಮ್ಲಜನಕದ ಬಳಕೆ ಹೆಚ್ಚುವುದಿಲ್ಲ, ಹೃದಯ ಮತ್ತು ಶ್ವಾಸಕೋಶ ಕೊಡಬಲ್ಲುದಕ್ಕೆ ಒಂದು ಮಿತಿ ಇದೆ ಎಂಬ ತೀರ್ಮಾನ ಅಲ್ಲಿಂದ ಬಂತು. 1955ರಲ್ಲಿ ಟೇಲರ್ ಮತ್ತು ಸಂಗಡಿಗರು ಇದಕ್ಕೆ ಅಳತೆಗೋಲು ಕೊಟ್ಟರು: ಹೊರೆ ಏರಿಸಿದ ಮೇಲೂ ಬಳಕೆ ನಿಮಿಷಕ್ಕೆ 150 ಮಿ.ಲೀ.ಗಿಂತ ಕಡಿಮೆ ಹೆಚ್ಚಿದರೆ ಅದು ಪ್ಲೇಟೊ. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ 1990ರ ದಶಕದ ಕೊನೆಗೆ ಇದನ್ನೇ ಪ್ರಶ್ನಿಸಿದರು. ಬಹಳ ಜನರಲ್ಲಿ ಪ್ಲೇಟೊ ಕಾಣುವುದೇ ಇಲ್ಲವಲ್ಲ, ಹಾಗಾದರೆ ಓಟ ನಿಲ್ಲಿಸುವುದು ಹೃದಯದ ಮಿತಿಯಲ್ಲ, ದೇಹಕ್ಕೆ ಹಾನಿಯಾಗದಂತೆ ಮೆದುಳು ಮೊದಲೇ ಸ್ನಾಯುಗಳನ್ನು ತಡೆಯುತ್ತದೆ ಎಂಬುದು ಅವರ ವಾದ. ಬ್ಯಾಸೆಟ್ ಮತ್ತು ಹೌಲಿ ಹಳೆಯ ನಿಲುವಿನ ಪರವಾಗಿ ಖಾರವಾಗಿಯೇ ಉತ್ತರಿಸಿದರು.

ಆ ಹಿನ್ನೆಲೆಯಲ್ಲಿ 2012ರಲ್ಲಿ ಮಾಗರ್ ಮತ್ತು ಸ್ಕಲ್ತೋರ್ಪ್ ಸ್ವಂತ ಲಯದ ಪರೀಕ್ಷೆಯನ್ನು ಮುಂದಿಟ್ಟರು. ಎರಡೆರಡು ನಿಮಿಷದ ಐದು ಹಂತ, ಒಟ್ಟು ಹತ್ತು ನಿಮಿಷ. ಹೊರೆಯನ್ನು ಯಂತ್ರ ಏರಿಸುವುದಿಲ್ಲ. ಬೋರ್ಗ್ ಎಂಬ ಸ್ವೀಡನ್ನಿನ ವಿಜ್ಞಾನಿ ಮಾಡಿದ 6ರಿಂದ 20ರ ಶ್ರಮದ ಪಟ್ಟಿಯಲ್ಲಿ ಮೊದಲ ಹಂತ 11, ಆಮೇಲೆ 13, 15, 17, ಕೊನೆಗೆ 20 ಅನ್ನಿಸುವಷ್ಟು ಶ್ರಮವನ್ನು ಓಡುವವರೇ ಹಿಡಿದಿಟ್ಟುಕೊಳ್ಳಬೇಕು. ಹಳೆಯ ಪರೀಕ್ಷೆ ಭಾಗವತರು ತಾಳ ಏರಿಸುತ್ತಾ ಹೋಗಿ ವೇಷಧಾರಿ ಕುಣಿಯಲಾಗದೆ ನಿಲ್ಲುವಂತೆ; ಇದು ವೇಷಧಾರಿಯ ಕಾಲನ್ನು ನೋಡಿ ಹಿಮ್ಮೇಳ ನುಡಿಯುವಂತೆ. ತರಬೇತಿಯಿಲ್ಲದ 16 ಮಂದಿಯ ಮೇಲೆ ಸೈಕಲ್ಲಿನಲ್ಲಿ ಮಾಡಿದಾಗ ಹಳೆಯದರಲ್ಲಿ ಸರಾಸರಿ 37, ಹೊಸದರಲ್ಲಿ 40 ಬಂತು. ಹೆಚ್ಚುಕಡಿಮೆ 8% ಏರಿಕೆ. ಅದೇ ವರ್ಷ ಬೆಲ್ಟ್ರಾಮಿ ಮತ್ತು ಸಂಗಡಿಗರು ಹೊರೆಯನ್ನು ಇಳಿಸುತ್ತಾ ಬರುವ ಪರೀಕ್ಷೆಯಲ್ಲಿಯೂ ಸಾಂಪ್ರದಾಯಿಕ ಪರೀಕ್ಷೆಗಿಂತ ಹೆಚ್ಚಿನ ಅಂಕಿ ಬಂತೆಂದು ಪ್ರಕಟಿಸಿದರು. ‘ನಿಜವಾದ ಗರಿಷ್ಠವನ್ನು ಇಷ್ಟು ವರ್ಷ ಕಡಿಮೆ ಅಳೆಯುತ್ತಿದ್ದೆವು’ ಎಂಬ ಮಾತು ಹರಡಿದ್ದು ಇಲ್ಲಿಂದ.

ಆದರೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. 2013ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಚಿಡ್ನೋಕ್, ಜೋನ್ಸ್ ಮೊದಲಾದವರು ಸ್ವಂತ ಲಯದಿಂದ ಗರಿಷ್ಠ ಅಂಕಿ ಬದಲಾಗುವುದಿಲ್ಲ ಎಂದು ವರದಿ ಮಾಡಿದರು. 2014ರಲ್ಲಿ ಪಳಗಿದ ಸೈಕಲ್ ಸವಾರರ ಮೇಲೆ ನಡೆದ ಅಧ್ಯಯನದಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಮೊದಲ ಅಧ್ಯಯನದಲ್ಲಿ ಹೋಲಿಸಿದ ಎರಡು ಪರೀಕ್ಷೆಗಳ ಅವಧಿ ಒಂದೇ ಆಗಿರಲಿಲ್ಲ ಎಂಬ ಆಕ್ಷೇಪವೂ ಬಂತು. ಅದು ಸಣ್ಣ ಮಾತಲ್ಲ: ಪರೀಕ್ಷೆ ತೀರಾ ಉದ್ದವಾದರೆ ಪಳಗದವರ ಕಾಲು ಹೃದಯಕ್ಕಿಂತ ಮೊದಲೇ ಸೋಲುತ್ತದೆ. ಹಾಗೆಂದು ವಾದ ಮುಗಿಯಿತೆಂದೂ ಹೇಳಲಾಗದು. 2015ರಲ್ಲಿ ಆಸ್ಟೊರಿನೊ ಮತ್ತು ಸಂಗಡಿಗರು ಸ್ವಂತ ಲಯದ ಪರೀಕ್ಷೆಯಲ್ಲಿ ಅಂಕಿ ಹೆಚ್ಚು ಬಂತು, ಹೃದಯ ಪಂಪು ಮಾಡಿದ ರಕ್ತವೂ ಹೆಚ್ಚಿತ್ತು ಎಂದು ತೋರಿಸಿದರು.

ನನ್ನ ನಿಲುವು ಹೇಳಿಬಿಡುತ್ತೇನೆ. ನಿಮ್ಮ ಹುಡುಗಿಯ ನಾಡಿ 196ಕ್ಕೆ ಮುಟ್ಟಿತ್ತು. ಪ್ರತಿ ಬಡಿತಕ್ಕೆ 80 ಮಿ.ಲೀ. ರಕ್ತ ಎಂದಿಟ್ಟುಕೊಂಡರೆ ನಿಮಿಷಕ್ಕೆ 15.7 ಲೀಟರ್. ಪ್ರತಿ ಲೀಟರಿನಿಂದ ಸ್ನಾಯುಗಳು 150 ಮಿ.ಲೀ. ಆಮ್ಲಜನಕ ಹೀರಿದರೆ ಒಟ್ಟು 2350 ಮಿ.ಲೀ., ಅಂದರೆ ಅವಳ ಎರಡು ಅಳತೆಗಳ ನಡುವಿನ ಅಂಕಿ. ವೇಗದ ಗುಂಡಿ ಯಾರ ಕೈಯಲ್ಲಿದೆ ಎಂಬುದರಿಂದ ಇದು ಏರಬೇಕಾದರೆ ಒಂದೋ ಬಡಿತಕ್ಕೆ ಹೊರಬರುವ ರಕ್ತ ಹೆಚ್ಚಬೇಕು, ಇಲ್ಲವೇ ಹೀರುವುದು ಹೆಚ್ಚಬೇಕು. ಪಳಗದವರು ಹಳೆಯ ಪರೀಕ್ಷೆಯಲ್ಲಿ ಕಾಲುನೋವಿಗೆ, ಹೆದರಿಕೆಗೆ ಮೊದಲೇ ಕೈಬಿಟ್ಟಿದ್ದರೆ ಹೊಸದರಲ್ಲಿ ಹೆಚ್ಚು ಬರುವುದು ಸಹಜ. ಅಲ್ಲಿ ಮಿತಿ ಏರಿದ್ದಲ್ಲ, ಮೊದಲ ಸಲ ಮಿತಿಯನ್ನು ಮುಟ್ಟಿರಲಿಲ್ಲ ಅಷ್ಟೆ. ಎರಡರಲ್ಲಿಯೂ ಪೂರ್ತಿ ದುಡಿಯಬಲ್ಲ ಓಟಗಾರರಲ್ಲಿ ಸರಿಯಾಗಿ ನಡೆಸಿದ ಎರಡು ಪರೀಕ್ಷೆ ಹತ್ತಿರ ಹತ್ತಿರವೇ ಬರುತ್ತವೆ. ಪ್ರಶ್ನೆ ಆದ್ದರಿಂದ ‘ಯಾವ ಪರೀಕ್ಷೆ?’ ಎಂಬುದಲ್ಲ, ‘ಆ ದಿನ ಅವಳು ಮಿತಿ ಮುಟ್ಟಿದಳೇ?’ ಎಂಬುದು.

ಅದನ್ನು ತಿಳಿಯುವುದು ಹೇಗೆ? ಪ್ಲೇಟೊ ಬಂದಿಲ್ಲವೆಂದ ಮಾತ್ರಕ್ಕೆ ಫೇಲ್ ಅಲ್ಲ. ನಿಮಿಷ ನಿಮಿಷಕ್ಕೆ ಏರುವ ಪರೀಕ್ಷೆಯಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಅದು ಕಾಣದಿರುವುದೇ ಹೆಚ್ಚು. ಆರ್‌ಇಆರ್ 1.12, ನಾಡಿ 196 ಎಂಬುದನ್ನು ಪುರಾವೆಯಾಗಿ ತೋರಿಸುವ ಪದ್ಧತಿ ಇದೆ. ಆರ್‌ಇಆರ್ ಎಂದರೆ ಹೊರಬಿಟ್ಟ ಇಂಗಾಲದ ಡೈಆಕ್ಸೈಡಿಗೂ ಬಳಸಿದ ಆಮ್ಲಜನಕಕ್ಕೂ ಇರುವ ಅನುಪಾತ. ಅದು 1.10 ದಾಟಿದರೆ ಸಾಕು, ನಾಡಿ 220ರಲ್ಲಿ ವಯಸ್ಸು ಕಳೆದದ್ದಕ್ಕೆ ಹತ್ತಿರ ಬಂದರೆ ಸಾಕು ಎನ್ನುವುದು ರೂಢಿ. ಆದರೆ 2008ರಲ್ಲಿ ಪೂಲ್, ವಿಲ್ಕರ್ಸನ್, ಜೋನ್ಸ್ ಇವರು ಈ ಗುರುತುಗಳನ್ನು ನಂಬಿದರೆ ಗರಿಷ್ಠಕ್ಕಿಂತ ಬಹಳ ಕೆಳಗೇ ಪರೀಕ್ಷೆ ‘ಪಾಸ್’ ಆಗಿಬಿಡುತ್ತದೆ ಎಂದು ತೋರಿಸಿದ್ದಾರೆ. ಕೆಲವರ ಆರ್‌ಇಆರ್ ಗರಿಷ್ಠ ಮುಟ್ಟುವ ಬಹಳ ಮೊದಲೇ 1.10 ದಾಟುತ್ತದೆ.

ಸರಿಯಾದ ದಾರಿ ದೃಢೀಕರಣದ ಓಟ. 2017ರಲ್ಲಿ ಪೂಲ್ ಮತ್ತು ಜೋನ್ಸ್ ಇದನ್ನು ಕಡ್ಡಾಯ ಎನ್ನುವಷ್ಟು ಒತ್ತಿ ಬರೆದರು. ನಡೆಸುವ ಕ್ರಮ ಸರಳ. ಮುಖ್ಯ ಪರೀಕ್ಷೆ ಮುಗಿದ ಮೇಲೆ ಮಾಸ್ಕ್ ತೆಗೆದು, ನೀರು ಕೊಟ್ಟು, 10ರಿಂದ 15 ನಿಮಿಷ ಮೆಲ್ಲ ನಡೆಸಬೇಕು. ಮತ್ತೆ ಮಾಸ್ಕ್ ಹಾಕಿ, ಅವಳು ಪೂರ್ತಿ ಮಾಡಿದ ಕೊನೆಯ ಹಂತಕ್ಕಿಂತ ಒಂದು ಹಂತ ಮೇಲಿನ ಹೊರೆಯಲ್ಲಿ, ನಿಮ್ಮ ಹುಡುಗಿಗಾದರೆ ಅದೇ 10 ಕಿ.ಮೀ. ವೇಗದಲ್ಲಿ 1% ಹೆಚ್ಚಿನ ಏರಿನಲ್ಲಿ, ಆಗುವಷ್ಟು ಹೊತ್ತು ಓಡಿಸಬೇಕು. ಎರಡರಿಂದ ಮೂರು ನಿಮಿಷ ನಿಂತರೆ ಸಾಕು. ಒಂದೇ ನಿಮಿಷಕ್ಕೆ ಬಿಟ್ಟರೆ ಲೆಕ್ಕಕ್ಕಿಲ್ಲ, ಯಾಕೆಂದರೆ ಆಮ್ಲಜನಕದ ಬಳಕೆ ಹೊರೆಯ ಹಿಂದೆ ನಿಧಾನವಾಗಿ ಏರುವಂಥದ್ದು, ಮೇಲೆ ಮುಟ್ಟಲು ಎರಡು ನಿಮಿಷದ ಹತ್ತಿರ ಬೇಕು. ಹೊರೆ ಹೆಚ್ಚಿದ್ದರೂ ಬಂದ ಅಂಕಿ ಮೊದಲಿನದಕ್ಕೆ 3% ಒಳಗಿದ್ದರೆ ಮಿತಿ ಅದೇ. ಸ್ಪಷ್ಟವಾಗಿ ಮೇಲೆ ಹೋದರೆ ಮೊದಲ ಓಟ ಪೂರ್ತಿಯಾಗಿರಲಿಲ್ಲ ಎಂದು ತಿಳಿದು ಇನ್ನೊಂದು ದಿನ ಮತ್ತೆ ಮಾಡಬೇಕು. ನಿಮ್ಮ ಎರಡು ರಿಪೋರ್ಟಿನಲ್ಲಿಯೂ ಇದು ಇಲ್ಲ. ಇದ್ದಿದ್ದರೆ ನೀವು ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹೊಸ ಪರೀಕ್ಷೆಯನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತು ನಿಮಿಷಕ್ಕೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ ಹೆದರಿಕೆ ಕಡಿಮೆ. ಯಾವ ವೇಗದಿಂದ ಶುರು ಮಾಡಬೇಕು, ಎಷ್ಟೆಷ್ಟು ಏರಿಸಬೇಕು ಎಂದು ಪರೀಕ್ಷಕ ಊಹಿಸಬೇಕಾಗಿಲ್ಲ. ತಪ್ಪು ಊಹಿಸಿದರೆ ಹಳೆಯ ಪರೀಕ್ಷೆ ಐದು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಮುಗಿದು ಹಾಳಾಗುತ್ತದೆ. ಆದರೆ ಟ್ರೆಡ್‌ಮಿಲ್ಲಿನ ಮೇಲೆ ಅದು ಕೆಡುವ ದಾರಿಗಳು ಹಲವು. ಬೆವರಿದ ಬೆರಳಿನಿಂದ ಗುಂಡಿ ಒತ್ತುತ್ತಾ ಓಡುವುದು ಕಷ್ಟ. ಕೈಸನ್ನೆ ನೋಡಿ ಇನ್ನೊಬ್ಬರು ಏರಿಸಿದರೆ ಬೆಲ್ಟ್ ವೇಗ ಹಿಡಿಯುವಷ್ಟರಲ್ಲಿ ಕೆಲವು ಸೆಕೆಂಡು ಹೋಗಿರುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಮಕ್ಕಳು ಎರಡು ತಪ್ಪು ಮಾಡುತ್ತಾರೆ. ಒಂದೋ ಮೊದಲ ಹತ್ತು ಸೆಕೆಂಡಿನಲ್ಲೇ 100 ಮೀಟರಿನಂತೆ ನುಗ್ಗಿ ಸುಸ್ತಾಗಿಬಿಡುತ್ತಾರೆ, ಇಲ್ಲವೇ ಶಾಲೆಯ ಕೂಟದ ಅಭ್ಯಾಸದಂತೆ ಕೊನೆಯ 30 ಸೆಕೆಂಡಿಗೆ ಶಕ್ತಿ ಉಳಿಸಿಕೊಳ್ಳುತ್ತಾರೆ. ಉಳಿಸಿಕೊಂಡು ಓಡಿದರೆ ಗಡಿಯಾರ ನಿಲ್ಲುವ ಹೊತ್ತಿಗೆ ಆಮ್ಲಜನಕ ಇನ್ನೂ ಏರುತ್ತಲೇ ಇರುತ್ತದೆ. ಮೊದಲ 20-30 ಸೆಕೆಂಡಿನಲ್ಲಿ ವೇಗ ಏರಿಸಿ ಅದನ್ನೇ ಹಿಡಿದಿಟ್ಟುಕೊಳ್ಳಲು ಅಭ್ಯಾಸ ಮಾಡಿಸಿರಬೇಕು.

ನಮ್ಮ ಕಡೆಯ ಮಕ್ಕಳಿಗೆ ಇನ್ನೂ ಒಂದು ತೊಂದರೆ, ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಶ್ರಮದ ಪಟ್ಟಿ ಗೋಡೆಯಲ್ಲಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿದ ಹುಡುಗಿ ಮಾಸ್ಕ್ ಹಾಕಿಕೊಂಡು, ಏದುಸಿರು ಬಿಡುತ್ತಾ ಅದನ್ನು ಓದಿ ತನ್ನ ಶ್ರಮವನ್ನು ಅಳೆಯಬೇಕು. ಹಳೆಯ ಪರೀಕ್ಷೆಯಲ್ಲಿ ಈ ಪಟ್ಟಿ ಬರೀ ದಾಖಲೆಗೆ. ಹೊಸದರಲ್ಲಿ ಅದೇ ಚುಕ್ಕಾಣಿ. 13ರ ಅರ್ಥ ತಪ್ಪಿದರೆ ಮುಂದಿನ ಎಲ್ಲ ಹಂತವೂ ತಪ್ಪುತ್ತದೆ. ಆದ್ದರಿಂದ ಪರೀಕ್ಷೆಗೆ ಎರಡು ಮೂರು ವಾರ ಮುಂಚೆ ಬಯಲಿನಲ್ಲೇ ಕಲಿಸಿ. 11 ಎಂದರೆ ಹಗುರ, ಜೊತೆಯವಳೊಡನೆ ಕತೆ ಹೇಳುತ್ತಾ ಓಡಬಹುದು. 13 ಸ್ವಲ್ಪ ಕಷ್ಟ, ಒಂದೊಂದು ವಾಕ್ಯ ಆಡಬಹುದು. 15 ಕಷ್ಟ, ಎರಡು ಮೂರು ಶಬ್ದ ಮಾತ್ರ. 17 ತುಂಬಾ ಕಷ್ಟ, ‘ಹೂಂ’ ಅನ್ನಬಹುದಷ್ಟೆ. 20 ಇನ್ನಾಗದು. ದಪ್ಪ ಅಕ್ಷರದಲ್ಲಿ ಬರೆದ ಕನ್ನಡದ ಹಾಳೆಯನ್ನು ನೀವೇ ಲ್ಯಾಬಿಗೆ ಒಯ್ದು ಕಣ್ಣೆದುರು ಅಂಟಿಸಲು ಹೇಳಿ. ಯಾವ ಲ್ಯಾಬಿನವರೂ ಬೇಡ ಅನ್ನಲಾರರು.

ತರಬೇತಿ ಕೊಡುವವರಿಗೆ ಹೊಸ ಪರೀಕ್ಷೆಯಲ್ಲಿ ನಷ್ಟವೂ ಇದೆ. ಹೊರೆ ಸಮನಾಗಿ ಏರುವ ಪರೀಕ್ಷೆಯಲ್ಲಿ, ಉಸಿರಾಟ ಇದ್ದಕ್ಕಿದ್ದಂತೆ ಜೋರಾಗುವ ಹಂತವನ್ನು ಗೆರೆ ಎಳೆದು ಗುರುತಿಸಬಹುದು. ದೂರದ ಓಟಗಾರ್ತಿಗೆ ಗರಿಷ್ಠಕ್ಕಿಂತ ಆ ಹಂತದ ನಾಡಿಮಿಡಿತ ಹೆಚ್ಚು ಉಪಯೋಗ. ಹಂತ ಹಂತವಾಗಿ ಜಿಗಿಯುವ ಸ್ವಂತ ಲಯದ ಪರೀಕ್ಷೆಯಲ್ಲಿ ಅದು ಮಸುಕಾಗುತ್ತದೆ. ಹಾಗಾಗಿ ನಿಮ್ಮ ಹುಡುಗಿಗೆ ನಾನು ಹೇಳುವುದು ಏರುವ ಹೊರೆಯ ಪರೀಕ್ಷೆ, ಜೊತೆಗೆ ದೃಢೀಕರಣದ ಓಟ. ಎರಡನೇ ಲ್ಯಾಬೇ ಅನುಕೂಲವಾದರೆ ಅದನ್ನೇ ಮಾಡಿಸಿ, ಆದರೆ ಮುಂದಿನ ವರ್ಷವೂ ಅಲ್ಲಿಯೇ, ಅದೇ ಯಂತ್ರದಲ್ಲಿ, ಅದೇ ಸರಾಸರಿಯಲ್ಲಿ, ಅದೇ ಹೊತ್ತಿನಲ್ಲಿ ಮಾಡಿಸಬೇಕು. ಹಿಂದಿನ ದಿನ ಜೋರು ಓಟ ಬೇಡ, ಊಟವಾಗಿ ಮೂರು ಗಂಟೆ ಕಳೆದಿರಲಿ, ಆ ಬೆಳಿಗ್ಗೆ ಚಾ ಕಾಫಿ ಬಿಡಲಿ. ತೂಕ ಶೂ ಇಲ್ಲದೆ. ರಿಪೋರ್ಟಿನಲ್ಲಿ ಒಟ್ಟು ಮಿ.ಲೀ. ಅಂಕಿಯನ್ನೂ ಬರೆಸಿಕೊಳ್ಳಿ.

ಆದರೆ ಮತ್ತೊಂದು ವಿಓಟೂ ಪರೀಕ್ಷೆಗೆ ದುಡ್ಡು ಹಾಕುವ ಮೊದಲು ಅವಳ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ನೋಡಿಸಿ. ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 13, ಅಂದರೆ 100 ಮಿ.ಲೀ. ರಕ್ತದಲ್ಲಿ 13 ಗ್ರಾಂ ಇದ್ದರೆ ಒಂದು ಲೀಟರ್ ರಕ್ತ 174 ಮಿ.ಲೀ. ಹೊರಬಲ್ಲದು, 12ಕ್ಕೆ ಇಳಿದರೆ 161, 11ಕ್ಕೆ ಇಳಿದರೆ 147. ಮೇಲೆ ಹೇಳಿದ ಲೆಕ್ಕದಲ್ಲಿ ಸ್ನಾಯುಗಳಿಗೆ ಲೀಟರಿನಿಂದ 150 ಬೇಕಿತ್ತು, ಇಲ್ಲಿ ಇರುವುದೇ 147. 13ರಿಂದ 12ಕ್ಕೆ ಇಳಿಯುವ ಒಂದೇ ಗ್ರಾಮಿನಲ್ಲಿ 7-8% ಹೋಯಿತು, ನೀವು ತಲೆ ಕೆಡಿಸಿಕೊಂಡಿರುವ ಇಡೀ ವ್ಯತ್ಯಾಸದಷ್ಟೇ. ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮುಟ್ಟಿನಲ್ಲಿ ಹೋಗುವ ರಕ್ತ, ಬೆವರು, ಊಟವಾದ ಕೂಡಲೇ ಕುಡಿಯುವ ಚಾ, ಎಲ್ಲ ಸೇರಿ ಓಟಗಾರ್ತಿಯರಲ್ಲಿ ಕಬ್ಬಿಣಾಂಶ ಬೇಗ ಬರಿದಾಗುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ತಳ ಹಿಡಿದಿರುವುದೂ ಉಂಟು. ಕಡಿಮೆ ಬಂದರೆ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಹೇಳಬೇಕು, ಅಂದಾಜಿನಲ್ಲಿ ಕೊಡಬೇಡಿ.

ತರಬೇತಿಯ ವೇಗಕ್ಕೆ ವಿಓಟೂ ಅಂಕಿ ಬೇಕೇ ಬೇಕೆಂದಿಲ್ಲ. 11 ನಿಮಿಷ 40 ಸೆಕೆಂಡು ಎಂದರೆ ಕಿಲೋಮೀಟರಿಗೆ 3 ನಿಮಿಷ 53 ಸೆಕೆಂಡು. 1000 ಮೀಟರಿನ ಐದು ಓಟವನ್ನು 4 ನಿಮಿಷದಂತೆ, ನಡುವೆ ಮೂರು ನಿಮಿಷ ಮೆಲ್ಲಗೆ ಓಡಿಸಿ ಮಾಡಿಸಿದರೆ ಗರಿಷ್ಠದ ಹತ್ತಿರದ ಕೆಲಸ ಅಲ್ಲಿಯೇ ಆಗುತ್ತದೆ. 200 ಮೀಟರ್ ಸುತ್ತಿನ ಶಾಲೆಯ ಬಯಲಾದರೆ ಸುತ್ತಿಗೆ 48 ಸೆಕೆಂಡು. 48.6 ಇರಲಿ 52.1 ಇರಲಿ, ಈ 48 ಸೆಕೆಂಡು ಬದಲಾಗುವುದಿಲ್ಲ.

ಪ್ರಗತಿ ನೋಡಲು ಆರು ವಾರಕ್ಕೊಮ್ಮೆ ಅಮೆರಿಕದ ವೈದ್ಯ ಕೂಪರನ 12 ನಿಮಿಷದ ಓಟ ಸಾಕು. ಅದರಿಂದ ವಿಓಟೂ ಅಂದಾಜು ಮಾಡುವ 1968ರ ಸೂತ್ರ ಇದು: ಓಡಿದ ಮೀಟರಿನಿಂದ 504.9 ಕಳೆದು 44.73ರಿಂದ ಭಾಗಿಸಿ. ಉದಾಹರಣೆಗೆ ಒಬ್ಬರು 2700 ಮೀಟರ್ ಓಡಿದರೆ 49 ಬರುತ್ತದೆ. ಸುತ್ತಿನ ಅಳತೆ ತಪ್ಪಿ ಒಟ್ಟು 50 ಮೀಟರ್ ಆಚೀಚೆಯಾದರೆ ಉತ್ತರ 1.1 ಬದಲಾಗುತ್ತದೆ, ಆದ್ದರಿಂದ ಹೆಜ್ಜೆ ಹಾಕಿ ಅಳೆಯದೆ ಟೇಪು ಹಿಡಿಯಿರಿ, ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಬೆಳಿಗ್ಗೆ ಆರೂವರೆಗೇ ಮುಗಿಸಿ. ಏಪ್ರಿಲಿನ ಸೆಕೆಯಲ್ಲಿ ಎಂಟು ಗಂಟೆಗೆ ಓಡಿಸಿದರೆ ಅದೇ ವೇಗಕ್ಕೆ ನಾಡಿ ಏರಿ, ಹಿಂದಿನದರ ಜೊತೆ ಹೋಲಿಸಲು ಬಾರದಂತಾಗುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ನೆಲದ ಮೇಲೆ ಹಾವಸೆ ಕಟ್ಟಿದಾಗ ಬೀಪ್ ಸದ್ದಿಗೆ ತಕ್ಕಂತೆ ಆಚೀಚೆ ಓಡುವ 20 ಮೀಟರಿನ ಬೀಪ್ ಪರೀಕ್ಷೆಯಂತೂ ಬೇಡ, ತಿರುಗುವಲ್ಲಿ ಜಾರಿ ಮೊಣಕಾಲು ಹೋಗುತ್ತದೆ. ಕೈಗಡಿಯಾರದ 55 ಎಂಬುದು ನಾಡಿ ಮತ್ತು ವೇಗ ನೋಡಿ ಮಾಡಿದ ಅಂದಾಜು. ಅದರಲ್ಲಿ ಉಸಿರನ್ನು ಯಾರೂ ಅಳೆದಿಲ್ಲ. ತಿಂಗಳುಗಟ್ಟಲೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ, ಅಂಕಿಯನ್ನು ಬಿಡಿ.

ಕೊನೆಗೆ ಅವಳ ಅಮ್ಮನ ಪ್ರಶ್ನೆ. ಆರೋಗ್ಯವಂತ ಹುಡುಗಿಗೆ ವರ್ಷಕ್ಕೆ ಎರಡು ಸಲ ಈ ಪರೀಕ್ಷೆ ಮಾಡಿದರೆ ಹೃದಯಕ್ಕೆ ಹಾನಿಯಿಲ್ಲ; ಜಿಲ್ಲಾ ಕೂಟದ 3000 ಮೀಟರಿನ ಕೊನೆಯ ಸುತ್ತಿನಲ್ಲಿ ಅವಳ ಹೃದಯ ಇಷ್ಟೇ ದುಡಿದಿದೆ. ಆದರೆ ಅವರು ಸುಮ್ಮನೆ ಕೇಳಿದ್ದಲ್ಲ, ಅವರಿಂದಲೇ ಕೆಲವು ವಿಷಯ ತಿಳಿಯಬೇಕು. ಓಡುತ್ತಿರುವಾಗಲೇ ಅವಳು ಎಂದಾದರೂ ತಲೆಸುತ್ತಿ ಬಿದ್ದದ್ದುಂಟೇ? ಎದೆನೋವು, ನಾಡಿ ಲಯ ತಪ್ಪಿದಂತೆ ಅನ್ನಿಸಿದ್ದುಂಟೇ? ಕುಟುಂಬದಲ್ಲಿ ಐವತ್ತರೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದರೆ ಮೊದಲು ಹೃದಯದ ವೈದ್ಯರು, ಇಸಿಜಿ, ಎಕೋ, ಟ್ರೆಡ್‌ಮಿಲ್ ಆಮೇಲೆ. ಜ್ವರ ಬಂದಿದ್ದರೆ, ಅದರಲ್ಲೂ ಡೆಂಗಿಯಂಥದ್ದಾದರೆ, ಪೂರ್ತಿ ಗುಣವಾಗಿ ಎರಡು ವಾರವಾದರೂ ಕಳೆಯದೆ ಗರಿಷ್ಠ ಪರೀಕ್ಷೆಗೆ ಹತ್ತಿಸಬೇಡಿ, ದಿನಾಂಕ ಮುಂದಕ್ಕೆ ಹಾಕಲು ಲ್ಯಾಬಿಗೆ ಫೋನ್ ಮಾಡಿ.